12 ಬಾಟ್ಲಿಲಿ 3 ಮಾತ್ರ ಯಾಕೆ ಕೆಟ್ಟೋದ್ವು? ಶುಂಠಿ ಬಿಯರ್ ಮಾಡೋರು, ಬಾಟ್ಲಿ ತೊಳೆಯೋದ್ರಲ್ಲಿ ಪಳಗಿದೋರು ಸ್ವಲ್ಪ ಹೇಳ್ರಪ್ಪಾ

ಮಂಡಕ್ಕಿ ಮಿರ್ಚಿ (ದಾವಣಗೆರೆ)

ಎಲ್ರಿಗೂ ನಮಸ್ಕಾರ್ರಿ. ಮೊನ್ನೆ ರಾತ್ರಿ ಮೂರು ಗಂಟೆಗೆ ನಮ್ಮನೆ ಸ್ಟೋರ್ ರೂಮಲ್ಲಿ ಢಂ ಅಂತು. ನನ್ನ ಹೆಂಡ್ತಿ ಸಿಲಿಂಡರ್ ಅಂದ್ಕೊಂಡು ಮಗೂನ ಎತ್ಕೊಂಡು ಹೊರಗಡೆ ಓಡಿದ್ಲು, ನಾನು ಹೋಗಿ ನೋಡಿದ್ರೆ ನನ್ನ ಶುಂಠಿ ಬಿಯರ್ ಬಾಟ್ಲಿ. ಗೋಡೆ ತುಂಬ ಶುಂಠಿ ನೀರು, ಅಕ್ಕಿ ಡಬ್ಬದ ಹಿಂದೆಲ್ಲ ಗಾಜು. ಪುಣ್ಯಕ್ಕೆ ಯಾರೂ ಅಲ್ಲಿರಲಿಲ್ಲ.

ವಿಷಯ ಏನಂದ್ರೆ ಇದು ನನ್ನ ನಾಕನೇ ಸಲ. ಶುಂಠಿ ಸಕ್ಕರೆ ನೀರು ಹಾಕಿ ಒಂದು ವಾರ ಹುಳಿ ಬರಿಸಿ ಮದ್ದು (ಮೊಸರಿಗೆ ಹೆಪ್ಪು ಇದ್ದಂಗೆ) ಮಾಡ್ಕೊಂಡು, ಆಮೇಲೆ ಶುಂಠಿ ಕಷಾಯಕ್ಕೆ ಅದನ್ನ ಬೆರೆಸಿ ಸೋಸಿ ಬಾಟ್ಲಿಗೆ ತುಂಬೋದು. ಒಟ್ಟು 12 ಬಾಟ್ಲಿ, ಅದ್ರಲ್ಲಿ 8 ತಂತಿ ಕ್ಲಿಪ್ಪಿನ ಮುಚ್ಚಳದ್ದು, 4 ಗುಜರಿ ಅಂಗಡಿಯಿಂದ ತಂದ ಕಂದು ಬಣ್ಣದ 650 ಎಂಎಲ್ ಬಿಯರ್ ಬಾಟ್ಲಿ. ಒಂದೇ ಪಾತ್ರೆಯಿಂದ ಒಂದೇ ದಿನ ತುಂಬಿದ್ದು. ಒಂದು ಸಿಡೀತು, ಇನ್ನೆರಡು ಮುಚ್ಚಳ ತೆಗೆದ ತಕ್ಷಣ ಅರ್ಧ ಬಾಟ್ಲಿ ನೊರೆಯಾಗಿ ಉಕ್ಕಿ ಚೆಲ್ಲೋಯ್ತು, ಉಳಿದಿದ್ದು ಕುಡಿದ್ರೆ ಹುಳಿ ಹುಳಿ, ಏನೋ ಒಂಥರಾ ವಾಸನೆ. ಬಾಕಿ 9 ಬಾಟ್ಲಿ ಸಖತ್ತಾಗಿವೆ, ಅದೇ ನಂಗೆ ತಲೆ ಕೆಟ್ಟಿರೋದು.

ಬಾಟ್ಲಿ ತೊಳೆದಿದ್ದು ಹೆಂಗಂದ್ರೆ, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಅಲ್ಲಾಡ್ಸಿ, ಮೂರ್ ಸಲ ನೀರು ಹಾಕಿ, ಕೊನೆಗೆ ಕುದಿಯೋ ನೀರು ಸುರಿದಿದ್ದೆ. ಸಾಕಾಗಲ್ವಾ?

ಸುಮ್ನೆ ಓದೋನು

ಬಿಯರ್ ಅಂತೆ, ಮನೇಲಂತೆ, ಅಬಕಾರಿಯೋರು ಬಂದ್ರೆ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಕೋಬೇಕಾಗುತ್ತೆ ಗುರು 😄

ಮಂಡಕ್ಕಿ ಮಿರ್ಚಿ

ಅಣ್ಣಾ ಹೆಸರಲ್ಲಷ್ಟೇ ಬಿಯರ್, ಎರಡು ದಿನ ಹೊರಗಿಟ್ಟು ಫ್ರಿಜ್ಜಿಗೆ ಹಾಕೋ ಶುಂಠಿ ಸೋಡ ಅಷ್ಟೇ. ನಿಜವಾದ ಬಿಯರ್ ಲೈಸೆನ್ಸ್ ಇಲ್ದೆ ಮನೇಲಿ ಮಾಡಂಗಿಲ್ಲ ಅಂತ ನಂಗೂ ಗೊತ್ತು, 1965ರ ಅಬಕಾರಿ ಕಾಯ್ದೆ ಐತಲ್ಲ. ಈ ಸಲ ಮದುವೆ ಓಡಾಟದಲ್ಲಿ ಫ್ರಿಜ್ಜಿಗೆ ಹಾಕೋದು ಮರೆತು ಐದು ದಿನ ಹೊರಗೇ ಇತ್ತು, ಅದೊಂದು ತಪ್ಪು ಒಪ್ಕೋತೀನಿ. ಆದ್ರೆ ಐದು ದಿನ 12ಕ್ಕೂ ಆಗಿತ್ತು ತಾನೆ.

ಕೋಟೆ ಕಲ್ಲು (ಚಿತ್ರದುರ್ಗ)

ಗುಜರಿ ಬಾಟ್ಲಿ ಕಣಣ್ಣ, ಇನ್ನೇನು. ಅದ್ರೊಳಗೆ ಯಾರ್ಯಾರು ಬೀಡಿ ತುಂಡು ಹಾಕಿರ್ತಾರೋ ಸೀಮೆಎಣ್ಣೆ ತುಂಬಿರ್ತಾರೋ ಗೊತ್ತಾ. ನಾನು ಕೊಂಬುಚ (ಹುಳಿ ಬರಿಸಿದ ಸಿಹಿ ಟೀ) ಮಾಡ್ತೀನಿ, ಎರಡು ವರ್ಷ ಆಯ್ತು, ಗುಜರಿದು ಮುಟ್ಟಲ್ಲ. ಇನ್ನೊಂದು, ನಮ್ಮ ಕಡೆ ಬೋರ್ ನೀರಲ್ಲಿ ಬಾಟ್ಲಿ ತೊಳೆದ್ರೆ ಒಣಗಿದ ಮೇಲೆ ಒಳಗೆ ಬಿಳಿ ಪೊರೆ ನಿಲ್ಲುತ್ತೆ, ಗೀಸರ್ ಕಾಯಿಲಿಗೆ ಕಟ್ಕೊಳ್ಳುತ್ತಲ್ಲ ಅದೇ. ನೀನು ಬ್ಲೀಚಿಂಗ್ ಪೌಡರ್ ಒಂದು ಚಮಚ ಬಕೆಟ್ಟಿಗೆ ಹಾಕಿ ಬಾಟ್ಲಿ ರಾತ್ರಿಯೆಲ್ಲ ಮುಳುಗಿಸಿಡು, ಒಂದು ಕ್ರಿಮೀನೂ ಉಳಿಯಲ್ಲ.

ಲ್ಯಾಬ್ ಅಕ್ಕ

ಬ್ಲೀಚಿಂಗ್ ಪೌಡರ್ ಬೇಡ ಮಾರಾಯ್ರೆ, ಅದು ಬಾವಿಗೆ, ಓವರ್‌ಹೆಡ್ ಟ್ಯಾಂಕಿಗೆ ಸರಿ. ಅದ್ರಲ್ಲಿರೋ ಸುಣ್ಣ ಕರಗಲ್ಲ, ಬಾಟ್ಲಿ ತಳದಲ್ಲಿ ಕೂತ್ಕೊಳ್ಳುತ್ತೆ, ಗಡಸು ನೀರಿನ ಪೊರೆ ಮೇಲೆ ಇನ್ನೊಂದು ಪೊರೆ ಅಷ್ಟೆ.

ನಾನು ಹಾಲು ನೀರು ಟೆಸ್ಟ್ ಮಾಡೋ ಲ್ಯಾಬಲ್ಲಿ ಕೆಲಸ ಮಾಡಿದೋಳು, ಬಾಟ್ಲಿ ತೊಳೆದೂ ತೊಳೆದೂ ಕೈ ಸವೆದೈತೆ, ಹಂಗಾಗಿ ಉದ್ದ ಬರೀತೀನಿ ಬೈಕೋಬೇಡಿ.

ಮೊದಲ್ನೇದು, ತೊಳೆಯೋದು ಬೇರೆ, ಕ್ರಿಮಿ ಕೊಲ್ಲೋದು ಬೇರೆ, ಎರಡೂ ಒಂದೇ ಸಲಕ್ಕೆ ಆಗಲ್ಲ. ಕೊಳೆ ಮೇಲೆ ಎಂಥ ಔಷಧಿ ಸುರಿದ್ರೂ ಅದು ಮೇಲ್ಮೇಲೇ ಹರಿದೋಗುತ್ತೆ. ಒಳಗೆ ಒಣಗಿದ ಪಸೆ ಇದ್ರೆ ಅದರಡಿಗೆ ಬ್ಯಾಕ್ಟೀರಿಯಾ ಆರಾಮಾಗಿ ಮನೆ ಮಾಡ್ಕೊಂಡಿರ್ತವೆ, ಲೋಳೆ ಥರ ಪದರ ಕಟ್ಕೊಂಡು. ಕಣ್ಣಿಗೆ ಕ್ಲೀನಾಗಿ ಕಾಣ್ಬೇಕು, ಮೂಗಿಗೆ ಏನೂ ಬಡೀಬಾರದು, ಆಮೇಲೆ ಔಷಧಿ ಮಾತು. ಒಂದು ಸುಲಭ ಪರೀಕ್ಷೆ ಐತೆ, ನೀರು ತುಂಬಿ ಪೂರ್ತಿ ಬಗ್ಗಿಸಿ ಬೆಳಕಿಗೆ ಹಿಡೀರಿ. ಗಾಜಿನ ಮೇಲೆ ನೀರು ತೆಳ್ಳಗೆ ಒಂದೇ ಹಾಳೆ ಹಂಗೆ ಇಳಿದ್ರೆ ಸ್ವಚ್ಛ, ಹನಿ ಹನಿಯಾಗಿ ನಿಂತ್ರೆ ಜಿಡ್ಡು ಇನ್ನೂ ಐತೆ ಅಂತ ಅರ್ಥ.

ಎರಡ್ನೇದು ನಿಮ್ಮ ಕೇಸು. ಇಡೀ ಪಾತ್ರೇದೇ ಕೆಟ್ಟಿದ್ರೆ 12ಕ್ಕೆ 12ರಲ್ಲೂ ಏನಾದ್ರೂ ಕಾಣ್ಬೇಕಿತ್ತು. ಮೂರು ಮಾತ್ರ ಕೆಟ್ಟಿವೆ ಅಂದ್ರೆ ತಪ್ಪು ಮದ್ದಿಂದಲ್ಲ, ಶುಂಠೀದಲ್ಲ, ಬಾಟ್ಲೀದು. ಇಲ್ಲ ಅಂದ್ರೆ ಆ ಮೂರು ಬಾಟ್ಲಿಗೆ ಮಾತ್ರ ಮಾಡಿದ ಯಾವ್ದೋ ಕೆಲಸದ್ದು. ಸಿಡಿದಿದ್ದು ಯಾವ್ದು, ಉಕ್ಕಿದ್ದು ಯಾವ್ದು, ಗುಜರಿದಾ ಕ್ಲಿಪ್ಪಿಂದಾ? ಆ ಮೂರರ ಜಾತಕ ಹೇಳಿ ಮೊದ್ಲು.

ಮಂಡಕ್ಕಿ ಮಿರ್ಚಿ

ಅದೇ ಮೇಡಂ ವಿಚಿತ್ರ. ಮೂರೂ ಕ್ಲಿಪ್ಪಿಂದು. ಗುಜರಿ ಬಾಟ್ಲಿ ನಾಕೂ ಗಟ್ಟಿಮುಟ್ಟಾಗಿವೆ. ಕ್ಲಿಪ್ಪಿನವು ಹೊಸಾವು, ಆನ್‌ಲೈನಲ್ಲಿ ತರ್ಸಿದ್ದು, ನನ್ನ ಬಿಟ್ರೆ ಯಾರೂ ಬಳಸಿಲ್ಲ.

ಕೋಟೆ ಕಲ್ಲು

ಆಯ್ತು ಬಿಡಪ್ಪ, ಗುಜರಿ ಬಗ್ಗೆ ನಂದು ವಾಪಸ್ 🙏

ಊರು ಬಿಟ್ಟೋನು

ಹಳೇ ದಾವಣಗೇರಿಯೋನು ನಾನು, ಪಿಜೆ ಬಡಾವಣೆ. ಈಗ ಅಮೆರಿಕದಲ್ಲಿದೀನಿ, ಇಲ್ಲಿ ನಿಜವಾದ ಬಿಯರ್ರೇ ಗ್ಯಾರೇಜಲ್ಲಿ ಮಾಡ್ತೀನಿ, ಇಲ್ಲಿ ಅದಕ್ಕೆ ಕೇಂದ್ರ ಸರ್ಕಾರ 1978ರಲ್ಲೇ ಅವಕಾಶ ಕೊಟ್ಟೈತೆ, ದೊಡ್ಡೋರು ಒಬ್ರೇ ಇರೋ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ರೋ ಜಾಸ್ತಿನೋ ಇದ್ರೆ 200. ಊರಲ್ಲಿ ಮಾಡ್ಬೇಡಿ ಅಷ್ಟೆ.

ಇಲ್ಲಿ ಬಿಯರ್ ಮಾಡೋರು ಹೇಳೋ ಮಾತು ಒಂದೈತೆ, ಬಿಯರ್ ಮಾಡೋದು ಅಂದ್ರೆ ಮುಕ್ಕಾಲು ಪಾತ್ರೆ ತೊಳೆಯೋ ಕೆಲಸ ಅಂತ. ಅಮ್ಮ ಕೇಳಿದ್ರೆ ನಗ್ತಾಳೆ, ಮನೇಲಿದ್ದಾಗ ಒಂದು ಲೋಟ ತೊಳೆದೋನಲ್ಲ ನಾನು.

ನಾನು ಮಾಡೋ ರೀತಿ ಹೇಳ್ತೀನಿ. ಕುಡಿದ ತಕ್ಷಣ ಬಾಟ್ಲಿನ ಬಿಸಿ ನೀರಲ್ಲಿ ಮೂರು ಸಲ ಕುಲುಕಿ ಬಗ್ಗಿಸಿಡೋದು, ಇದೊಂದು ಮಾಡಿದ್ರೆ ಮುಂದಿನ ಅರ್ಧ ಕೆಲಸ ಉಳೀತು. ಒಣಗೋಕೆ ಬಿಟ್ರೋ, ತಳದಲ್ಲಿ ಈಸ್ಟ್ ಅಂಟ್ಕೊಂಡು ಆಮೇಲೆ ಬ್ರಷ್ಷಿಗೂ ಜಗ್ಗಲ್ಲ. ಹಂಗೆ ಒಣಗಿರೋದಕ್ಕೆ ಬಿಸಿ ನೀರಲ್ಲಿ ಸೋಡಿಯಂ ಪರ್‌ಕಾರ್ಬೊನೇಟ್ ಹಾಕಿ ರಾತ್ರಿ ನೆನೆಹಾಕ್ತೀನಿ, ಊರಲ್ಲಾದ್ರೆ ವಾಷಿಂಗ್ ಸೋಡನೇ ಸಾಕು, ಲೀಟರಿಗೆ ಒಂದು ದೊಡ್ಡ ಚಮಚ. ಲೇಬಲ್ಲೂ ಅದ್ರಲ್ಲೇ ತಾನಾಗಿ ಬಿಟ್ಕೊಳ್ಳುತ್ತೆ. ಅಲ್ಯುಮಿನಿಯಂ ಪಾತ್ರೇಲಿ ಮಾತ್ರ ಮಾಡ್ಬೇಡಿ, ಪಾತ್ರೆ ಕಪ್ಪಾಗುತ್ತೆ. ಕೈಗೆ ಗ್ಲೌಸ್ ಹಾಕ್ಕೊಳ್ಳಿ.

ಪಾತ್ರೆ ತೊಳೆಯೋ ಲಿಕ್ವಿಡ್ ನಾನು ಬಳಸಲ್ಲ, ಅದ್ರ ವಾಸನೆ ಉಳಿಯುತ್ತೆ, ಬಿಯರಲ್ಲಾದ್ರೆ ನೊರೇನೂ ನಿಲ್ಲಲ್ಲ.

ಆಮೇಲೆ ತುಂಬೋ ದಿನ ಸ್ಯಾನಿಟೈಸರ್. ಇಲ್ಲಿ ಎಲ್ರೂ ಬಳಸೋದು ಸ್ಟಾರ್ ಸ್ಯಾನ್ ಅಂತ, ಫಾಸ್ಫಾರಿಕ್ ಆಸಿಡ್ ಇರೋದು, ಲೀಟರಿಗೆ ಒಂದೂವರೆ ಎಂಎಲ್ ಚಿಲ್ಲರೆ, ಒಂದೆರಡು ನಿಮಿಷ ಒಳಗೆಲ್ಲ ತಾಗಿಸಿ ಬಗ್ಗಿಸಿ ಹಂಗೇ ತುಂಬೋದು, ಮತ್ತೆ ನೀರಲ್ಲಿ ತೊಳೆಯೋ ಹಂಗಿಲ್ಲ. ಒಳಗೆ ನೊರೆ ನಿಲ್ಲುತ್ತೆ, ಮೊದ್ಲನೇ ಸಲ ನಾನು ಹೆದ್ರಿ ನಲ್ಲಿ ನೀರಲ್ಲಿ ತೊಳೆದೆ, ಅಂದ್ರೆ ಮಾಡಿದ್ದೆಲ್ಲ ನೀರು ಪಾಲು! ನೊರೆಗೆ ಹೆದರ್ಬಾರ್ದು. ಗಡಸು ನೀರಲ್ಲಿ ಕಲಸಿದ್ರೆ ಬೇಗ ಮಬ್ಬಾಗುತ್ತೆ, ಆರ್‌ಓ ನೀರಲ್ಲಿ ಕಲಸಿಕೊಳ್ಳಿ.

ಲ್ಯಾಬ್ ಅಕ್ಕ

ಅದು ಇಲ್ಲಿ ತರ್ಸೋದು ದುಬಾರಿ ಆಗುತ್ತೆ ಅಂತ ಬ್ಲೀಚ್ ಬಳಸೋರು ಇರ್ತಾರೆ, ಅದಕ್ಕೇ ಹೇಳ್ಬಿಡ್ತೀನಿ. ವಾಸನೆ ಬಣ್ಣ ಏನೂ ಸೇರಿಸದ 5 ಪರ್ಸೆಂಟಿನ ಸಾದಾ ಬ್ಲೀಚ್ ದ್ರಾವಣ ಸಿಕ್ರೆ ಲೀಟರ್ ತಣ್ಣೀರಿಗೆ 4 ಎಂಎಲ್, 20 ನಿಮಿಷ, ಆಮೇಲೆ ಕುದಿಸಿ ಆರಿಸಿದ ನೀರಲ್ಲಿ ವಾಸನೆ ಹೋಗೋ ತನಕ ಕುಲುಕಬೇಕು. ಉಳಿದ್ರೆ ಕ್ಲೋರಿನ್ನು ಶುಂಠಿ ಗಿಂಠಿಯಲ್ಲಿರೋ ಫೀನಾಲ್ ಜತೆ ಸೇರಿ ಆಸ್ಪತ್ರೆ ವಾರ್ಡಿನ ರುಚಿ ಬರುತ್ತೆ. ಒಂದು ಮಾತು ಮಾತ್ರ ಗಟ್ಟಿಯಾಗಿ: ಬ್ಲೀಚ್ ಜತೆ ಯಾವ್ದೇ ಹುಳಿ, ವಿನಿಗರ್, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಬಾತ್‌ರೂಮ್ ಆಸಿಡ್, ಇವನ್ನ ಸೇರಿಸ್ಲೇಬಾರ್ದು. ಕ್ಲೋರಿನ್ ಗ್ಯಾಸ್ ಬರುತ್ತೆ, ಬಾಗಿಲು ಹಾಕಿರೋ ಬಚ್ಚಲಲ್ಲಿ ಜೀವಕ್ಕೇ ಕುತ್ತು.

ಗೋಲಿಸೋಡ

ಬಾಟ್ಲಿ ಸಿಡಿಯೋ ಕತೆ ನಮ್ಮನೇಲಿ ದಿನಾ ಇತ್ರಿ. ನಮ್ಮ ತಾತ ಮಂಡಿಪೇಟೆ ಹತ್ರ ಗೋಲಿ ಸೋಡ ಮಾಡ್ತಿದ್ರು, ಕೈಯಲ್ಲಿ ತಿರುಗ್ಸೋ ಮಿಷನ್ನು, ಬಾಟ್ಲಿ ಒಳಗಿಟ್ಟು ಕಬ್ಬಿಣದ ಮುಚ್ಚಳ ಹಾಕಿ ಗರಗರ ತಿರುಗ್ಸೋದು. ಮುಚ್ಚಳ ಸರಿಯಾಗಿ ಹಾಕ್ದೆ ತಿರುಗ್ಸಿದ ಆಳಿಗೆ ತಾತ ಕೊಡ್ತಿದ್ದ ಬೈಗುಳ ಇಲ್ಲಿ ಬರೆಯಂಗಿಲ್ಲ. ಆ ಬಾಟ್ಲಿ ಕಂಡುಹಿಡಿದೋನು ಹೈರಮ್ ಕಾಡ್ ಅಂತ ಇಂಗ್ಲೆಂಡಿನೋನು, 1872ರಲ್ಲಿ ಪೇಟೆಂಟ್ ತಗೊಂಡಿದ್ದು, ತಾತಂಗೆ ಅದು ಗೊತ್ತಿರ್ಲಿಲ್ಲ, ಅವ್ರ ಲೆಕ್ಕದಲ್ಲಿ ಅದು ನಮ್ಮೂರಿಂದೇ.

ತೊಳೆಯೋ ವಿಷಯಕ್ಕೆ ಬಂದ್ರೆ ಸಾದಾ ಸೋಡ ಬಾಟ್ಲಿಗೆ ತಾತ ಅಷ್ಟು ತಲೆ ಕೆಡಿಸ್ಕೊತಿರ್ಲಿಲ್ಲ, ನೀರು ಗ್ಯಾಸು ಬಿಟ್ರೆ ಏನಿರುತ್ತೆ ಅದ್ರಲ್ಲಿ. ಆದ್ರೆ ಪನ್ನೀರು, ಬಣ್ಣದ ಸೋಡ, ಸಕ್ಕರೆ ಹಾಕಿದ್ದು ಯಾವುದಿದ್ರೂ ಅದ್ರ ಬಾಟ್ಲಿ ಬೇರೆ ತೊಟ್ಟಿ, ಸೋಡ ಪುಡಿ ಹಾಕಿದ ಬಿಸಿ ನೀರು, ಕುತ್ತಿಗೇಲಿರೋ ರಬ್ಬರ್ ವಾಷರ್ ವಾರಕ್ಕೊಂದು ಸಲ ಕಿತ್ತು ತೊಳೆಯೋದು. ಕೊಳೆ ಬಾಟ್ಲೀಲಿ ಇರಲ್ಲ ಕಣೋ ರಬ್ಬರಲ್ಲಿ ಇರುತ್ತೆ ಅಂತಿದ್ರು. ಮಿರ್ಚಿಯಣ್ಣ, ನಿಮ್ಮ ಕ್ಲಿಪ್ ಬಾಟ್ಲಿ ರಬ್ಬರ್ ಯಾವತ್ತಾದ್ರೂ ಬಿಚ್ಚಿದೀರಾ?

ಮಂಡಕ್ಕಿ ಮಿರ್ಚಿ

ಬಿಚ್ಚಕ್ಕೆ ಬರುತ್ತೆ ಅಂತಾನೇ ಗೊತ್ತಿರ್ಲಿಲ್ಲ 😐 ಈಗ ತೆಗೆದು ನೋಡಿದೆ. ಎಂಟರಲ್ಲಿ ಉಳಿದಿರೋ ಏಳಕ್ಕೂ ಅಡಿಗೆ ಕಪ್ಪು ಗೆರೆ ಕಟ್ಟೈತೆ. ಥೂ. ಆದ್ರೆ ಏಳರಲ್ಲೂ ಐತಲ್ರಿ, ಕೆಟ್ಟಿದ್ದು ಮೂರೇ.

ಕೋಟೆ ಕಲ್ಲು

ನಂದೊಂದು ಮೂಲಭೂತ ಪ್ರಶ್ನೆ. ಶುಂಠಿ ಮದ್ದು ಅಂದ್ರೇನೇ ಗಾಳೀಲಿರೋದು ಸಿಪ್ಪೇಲಿರೋದು ಕಂಡಕಂಡ ಕ್ರಿಮಿ ಎಲ್ಲ ಸೇರಿಸಿ ಸಾಕಿರೋದು. ನನ್ನ ಕೊಂಬುಚನೂ ಹಂಗೇ. ದೊಡ್ಡ ಜಾತ್ರೇನೇ ಒಳಗೆ ತುಂಬಿ, ಬಾಗಿಲಲ್ಲಿ ನಿಂತ್ಕೊಂಡು ಒಬ್ಬೊಬ್ಬರ ಆಧಾರ್ ಕಾರ್ಡ್ ಕೇಳಿದ್ರೆ ಏನುಪಯೋಗ? ಬಿಯರಿಗಾದ್ರೆ ಒಪ್ಪೋಣ, ಅಲ್ಲಿ ಒಂದೇ ಜಾತಿ ಈಸ್ಟ್ ಹಾಕ್ತಾರೆ. ನಮಗ್ಯಾಕೆ ಈ ಸ್ಟಾರ್ ಪಾರ್ ಎಲ್ಲ?

ಲ್ಯಾಬ್ ಅಕ್ಕ

ಒಳ್ಳೇ ಪ್ರಶ್ನೆ, ಅರ್ಧ ಒಪ್ತೀನಿ. ನಿಮ್ಮ ಕೊಂಬುಚ ತುಂಬೋ ಹೊತ್ತಿಗೇ ಸಾಕಷ್ಟು ಹುಳಿ ಆಗಿರುತ್ತೆ, ಆ ಹುಳೀಲೇ ಬಹಳಷ್ಟು ಕ್ರಿಮಿ ಬದುಕಲ್ಲ. ಶುಂಠೀದು ಹಂಗಲ್ಲ, ಸಿಹಿ ಜಾಸ್ತಿ, ಹುಳಿ ಕಮ್ಮಿ, ಮದ್ದು ಇನ್ನೂ ಮೇಲುಗೈ ತಗೊಂಡಿರಲ್ಲ. ಅಂಥ ಹೊತ್ತಲ್ಲಿ ಬಾಟ್ಲಿ ಒಳಗೆ ಮೊದಲೇ ಲಕ್ಷಗಟ್ಲೆ ಇನ್ಯಾರೋ ಕೂತಿದ್ರೆ ಅವರದ್ದೇ ರಾಜ್ಯ. ಹಾಗಾಗಿ ನಿಮ್ಮಂಥೋರಿಗೆ ಔಷಧಿ ಇಲ್ದಿದ್ರೂ ನಡೆಯುತ್ತೆ, ತೊಳೆಯೋದು ಇಲ್ದೆ ನಡೆಯಲ್ಲ.

ಊರು ಬಿಟ್ಟೋನು

ಅಕ್ಕ ಹೇಳಿದ್ದಕ್ಕೆ ಇದೊಂದು ಸೇರಿಸ್ತೀನಿ. ಬಿಯರಲ್ಲಿ ಈಸ್ಟು ತಿನ್ನೋ ಸಕ್ಕರೆ ಪೂರ್ತಿ ಮುಗಿದ ಮೇಲೆ ಲೀಟರಿಗೆ 6ರಿಂದ 8 ಗ್ರಾಂ ಅಳೆದು ಹಾಕಿ ಬಾಟ್ಲಿಗೆ ತುಂಬ್ತೀವಿ, ಗ್ಯಾಸು ಅಷ್ಟಕ್ಕೇ ನಿಲ್ಲುತ್ತೆ. ನಿಮ್ಮ ಶುಂಠಿ ಬಿಯರಲ್ಲಿ ಅದ್ರ ಹತ್ತು ಪಟ್ಟು ಸಕ್ಕರೆ ಹಂಗೇ ಉಳಿದಿರುತ್ತೆ, ಏಪ್ರಿಲ್ ದಾವಣಗೇರಿ ಬಿಸಿಲು 38 ಡಿಗ್ರಿ ಮೇಲೆ, ಐದು ದಿನ! ಎಷ್ಟೇ ಶುದ್ಧವಾಗಿ ತೊಳೆದ್ರೂ ಫ್ರಿಜ್ಜೊಂದೇ ನಿಮ್ಮನ್ನ ಕಾಯೋದು. ಪ್ರತಿ ಸಲ ಒಂದು ಪ್ಲಾಸ್ಟಿಕ್ ಕೂಲ್‌ಡ್ರಿಂಕ್ ಬಾಟ್ಲಿಗೂ ಸ್ವಲ್ಪ ತುಂಬಿಡಿ, ಅದು ಒತ್ತಿದ್ರೆ ಕಲ್ಲಂಗೆ ಗಟ್ಟಿಯಾಯ್ತಾ, ಎಲ್ಲಾನೂ ಫ್ರಿಜ್ಜಿಗೆ. ಆಮೇಲೆ ಆ ಕುದಿಯೋ ನೀರು, ತಣ್ಣಗಿರೋ ಗಾಜಿಗೆ ಹಂಗೆ ಸುರೀಬಾರ್ದು. ಕಣ್ಣಿಗೆ ಕಾಣ್ದಂಗೆ ಸಣ್ಣ ಬಿರುಕು ಬಿಡುತ್ತೆ, ಒತ್ತಡ ಏರಿದಾಗ ಅಲ್ಲಿಂದಲೇ ಸಿಡಿಯೋದು. ಸುರಿದಿದ್ದು ಎರಡು ಕ್ಷಣ ತಾಗಿ ಆರೋಗುತ್ತೆ, ಕ್ರಿಮೀನೂ ಸಾಯಲ್ಲ.

ಅಜ್ಜಿಮನೆ

ನಾನು ಮಗಳ ಫೀಡಿಂಗ್ ಬಾಟ್ಲಿ ಹಬೇಲಿ ಮಾಡ್ತಿದ್ದೆ, ಇವು ಉದ್ದ ಆಗ್ತವೆ ಕುಕ್ಕರಲ್ಲಿ ಹಿಡಿಯಲ್ಲ. ಓವನ್ ಆಗುತ್ತಾ? ನಮ್ಮಜ್ಜಿ ಉಪ್ಪಿನಕಾಯಿ ಜಾಡಿನ ಬಿಸಿಲಲ್ಲಿ ಎರಡು ದಿನ ಒಣಗಿಸಿ ಕೆಂಡದ ಮೇಲೆ ಇಂಗು ಹಾಕಿ ಆ ಹೊಗೆ ಮೇಲೆ ಜಾಡಿ ಬೋರಲು ಹಾಕ್ತಿದ್ರು. ಒಂದು ವರ್ಷ ಆದ್ರೂ ಬೂಸ್ಟು ಬರ್ತಿರ್ಲಿಲ್ಲ. ಅದೂ ಸ್ಯಾನಿಟೈಸರ್ರೇ ಅಲ್ವಾ 😊

ಸುಮ್ನೆ ಓದೋನು

ಇಂಗಿನ ಹೊಗೆ ಹಾಕಿದ ಶುಂಠಿ ಬಿಯರ್, ಒಗ್ಗರಣೆ ಒಂದು ಬಾಕಿ.

ಊರು ಬಿಟ್ಟೋನು

ಅಜ್ಜಿಮನೆ ಅಕ್ಕ, ಓವನ್ ಆಗುತ್ತೆ. ಪೂರ್ತಿ ತೊಳೆದು ಒಣಗಿರೋ ಬಾಟ್ಲಿ, ಬಾಯಿಗೆ ಫಾಯಿಲ್ ಸುತ್ತಿ, ರಬ್ಬರ್ ಮುಚ್ಚಳ ಎಲ್ಲ ತೆಗೆದು, ತಣ್ಣಗಿರೋ ಓವನ್ನಲ್ಲೇ ಇಟ್ಟು ನಿಧಾನಕ್ಕೆ ಬಿಸಿ ಏರಿಸೋದು. 150 ಡಿಗ್ರೀಲಿ ಎರಡೂವರೆ ಗಂಟೆ, 170ರಲ್ಲಿ ಒಂದು ಗಂಟೆ. ಆಫ್ ಮಾಡಿ ಬಾಗಿಲು ತೆಗೀದೇ ಬೆಳಗಿನ ತನಕ ಬಿಡಿ. ಫಾಯಿಲ್ ಬಿಚ್ಚೋ ತನಕ ಶುದ್ಧವಾಗೇ ಇರ್ತವೆ. ಕರೆಂಟ್ ಬಿಲ್ಲು ನೋಡ್ಕೊಳ್ಳಿ ಅಷ್ಟೆ. ಓವನ್ ಇಲ್ದೋರು ಬಚ್ಚಲ ಹಂಡೇಲಿ ತಳಕ್ಕೆ ಬಟ್ಟೆ ಹಾಸಿ, ತಣ್ಣೀರಲ್ಲೇ ಬಾಟ್ಲಿ ಮುಳುಗಿಸಿ, ಕುದಿ ಬಂದ ಮೇಲೆ ಹತ್ತು ನಿಮಿಷ ಬಿಟ್ಟು ಅದ್ರಲ್ಲೇ ಆರೋಕೆ ಬಿಟ್ರೆ ಆಯ್ತು.

ಮಂಡಕ್ಕಿ ಮಿರ್ಚಿ

ಎಲ್ರೂ ಕೇಳ್ರಪ್ಪೋ, ಗುಟ್ಟು ರಟ್ಟಾಯ್ತು.

ಲ್ಯಾಬ್ ಅಕ್ಕ ಜಾತಕ ಅಂದಿದ್ದು ತಲೇಲಿ ಕೊರೀತಿತ್ತು. ಇವತ್ತು ಬೆಳಿಗ್ಗೆ ಉಕ್ಕಿದ ಎರಡು ಬಾಟ್ಲಿ ಬಿಸಿಲಿಗೆ ಹಿಡಿದು ನೋಡ್ತಿದ್ದೆ, ಭುಜದ ಒಳಗಡೆ, ಬ್ರಷ್ಷು ತಿರುಗದ ಜಾಗದಲ್ಲಿ, ತೆಳ್ಳಗೆ ಬಿಳಿ ಪೊರೆ. ಬೋರ್ ನೀರಿನ ಕಲೆ ಅಂದ್ಕೊಂಡೆ, ಆದ್ರೆ ಬೇರೆ ಬಾಟ್ಲೀಲಿ ಇಲ್ಲ. ಅಮ್ಮ ಹಿಂದಿಂದ ಬಂದು ಏನೋ ಅದು ಅಂದ್ಲು. ಹಿಂಗಿಂಗೆ ಅಂದೆ. ಅವಳು ಎಷ್ಟು ಸಹಜವಾಗಿ ಅಂದ್ಲು ಗೊತ್ತಾ, "ಅಯ್ಯೋ, ಅವಾ? ದುಗ್ಗಮ್ಮನ ಜಾತ್ರೇಲಿ ನೆಂಟರು ಬಂದಿದ್ರಲ್ಲ, ಫ್ರಿಜ್ಜಲ್ಲಿ ಜಾಗ ಇರ್ಲಿಲ್ಲ, ಅದ್ರಲ್ಲಿ ಮಜ್ಜಿಗೆ ಹಾಕಿಟ್ಟಿದ್ದೆ. ಮೂರೂ ತೊಳೆದಿಟ್ಟೀನಲ್ಲ!"

ಮೂರೂ ಅಂತೆ. ಮೂರೂ!!

ಗೋಲಿಸೋಡ

😂😂😂 ದುಗ್ಗಮ್ಮ ತಾಯಿ

ಕೋಟೆ ಕಲ್ಲು

ಗುಜರಿಯೋನ ಮರ್ಯಾದೆ ಉಳೀತು

ಲ್ಯಾಬ್ ಅಕ್ಕ

ಅಮ್ಮಂಗೆ ಬೈಬೇಡಿ, ಹಾಲಿನ ಲ್ಯಾಬಲ್ಲೇ ಈ ಪೊರೆಗೆ ಸೋತೋರು ಬಹಳ ಜನ. ಹಾಲು ಮಜ್ಜಿಗೆ ಪ್ರೋಟೀನು, ಅದ್ರ ಜತೆ ಗಡಸು ನೀರಿನ ಕ್ಯಾಲ್ಸಿಯಂ, ಎರಡೂ ಸೇರಿ ಒಣಗಿದ್ರೆ ಸುಣ್ಣ ಬಳಿದಂಗೆ ಕಟ್ಕೊಳ್ಳುತ್ತೆ, ಹಾಲಿನ ಡೈರಿಯೋರು ಅದಕ್ಕೆ ಹಾಲುಗಲ್ಲು ಅಂತಾರೆ. ಅದರ ಮೇಲೆ ನೀವು ಕುದಿಯೋ ನೀರು ಬೇರೆ ಸುರಿದ್ರಿ, ಬಿಸಿಗೆ ಪ್ರೋಟೀನು ಇನ್ನೂ ಬೇಯುತ್ತೆ, ಗಟ್ಟಿ ಅಂಟ್ಕೊಳ್ಳುತ್ತೆ. ಹಾಲಿನ ಪಾತ್ರೆ ಮೊದ್ಲು ತಣ್ಣೀರಲ್ಲಿ ತೊಳೀಬೇಕು ಅಂತ ನಮ್ಮತ್ತೆ ಹೇಳೋರು, ಇದಕ್ಕೇ. ಮಜ್ಜಿಗೆ ಬ್ಯಾಕ್ಟೀರಿಯಾಕ್ಕೆ ನಿಮ್ಮ ಶುಂಠಿ ಸಕ್ಕರೆ ಹಬ್ಬದೂಟ, ಹುಳಿ ಬಂದಿದ್ದು ಅದರಿಂದ. ಅವುಗಳಲ್ಲಿ ಗ್ಯಾಸ್ ಬಿಡೋ ಜಾತೀನೂ ಇರ್ತವೆ. ಪೊರೆ ಒರಟಾಗಿರೋದ್ರಿಂದ ಮುಚ್ಚಳ ತೆಗೆದಾಗ ಗುಳ್ಳೆ ಎಲ್ಲ ಅಲ್ಲೇ ಹುಟ್ಟಿ ಉಕ್ಕುತ್ತೆ.

ಈಗ ಮಾಡೋದು: ಮೊದ್ಲು ವಾಷಿಂಗ್ ಸೋಡ ಬಿಸಿ ನೀರು ರಾತ್ರಿಯೆಲ್ಲ, ಪ್ರೋಟೀನು ಜಿಡ್ಡು ಅದಕ್ಕೆ ಬಿಡುತ್ತೆ. ಚೆನ್ನಾಗಿ ತೊಳೆದು ಆಮೇಲೆ ನಿಂಬೆ ಉಪ್ಪು ಲೀಟರಿಗೆ ಎರಡು ಚಮಚ, ಒಂದು ಗಂಟೆ, ಸುಣ್ಣ ಅದಕ್ಕೆ ಬಿಡುತ್ತೆ. ಒಂದರಿಂದ ಮಾತ್ರ ಹೋಗಲ್ಲ. ಎರಡನ್ನೂ ಒಟ್ಟಿಗೆ ಹಾಕ್ಬೇಡಿ, ಬುಸ್ ಅಂದು ಎರಡೂ ದಂಡ. ಭುಜದ ಮೂಲೆಗೆ ಒಂದು ಹಿಡಿ ಅಕ್ಕಿ ಸ್ವಲ್ಪ ನೀರು ಹಾಕಿ ಜೋರಾಗಿ ಕುಲುಕಿ, ಬ್ರಷ್ ಹೋಗದ ಕಡೆ ಅಕ್ಕಿ ಹೋಗುತ್ತೆ.

ಮಂಡಕ್ಕಿ ಮಿರ್ಚಿ

ಮಾಡಿದೆ ಅಕ್ಕ. ಸೋಡ, ನಿಂಬೆ ಉಪ್ಪು, ಅಕ್ಕಿ, ಮೂರೂ. ನೀರು ಈಗ ಹಾಳೆ ಥರ ಇಳೀತಾ ಐತೆ, ನೋಡ್ತಾ ನಿಲ್ಬೇಕು ಅನ್ಸುತ್ತೆ. ಆ ರಬ್ಬರ್ ಏಳಕ್ಕೆ ಹೊಸಾವು ಆರ್ಡರ್ ಹಾಕಿದೀನಿ.

ಎರಡು ಬಾಟ್ಲಿ ಒಣಗೋಕೆ ಬಿಸಿಲಿಗಿಟ್ಟು ಒಳಗೆ ಹೋಗಿ ಬರೋಷ್ಟರಲ್ಲಿ ಒಂದಿಲ್ಲ. ಅಡುಗೆಮನೇಲಿ ನೋಡಿದ್ರೆ ಅಮ್ಮ ಅದಕ್ಕೆ ಕೊತ್ತಂಬರಿ ಹಾಕಿದ ಮಜ್ಜಿಗೆ ಸುರೀತಾವ್ಳೆ, ಈಗ ಎಷ್ಟು ಕ್ಲೀನಾಗೈತೆ ನೋಡೋ ಅಂತ.